ಸೋರುವ ದೋಣಿಯ ನೌಕರಿ

ದೋಣಿ ಎಲ್ಲಿ ಸೋರುತ್ತಿದೆ ಅಂತ ಹುಡುಕಬೇಕಾದರೆ ಮೊದಲು ಮಾಡಬೇಕಾದ ಕೆಲಸ, ಅದರೊಳಗಿಂದ ಇಳಿಯುವುದು. ಇದೂ ಒಂದು ಹೇಳಿಸಿಕೊಂಡು ಕಲಿಯುವ ಮಾತೇ ಅಂತ ನಿಮಗನ್ನಿಸಬಹುದು. ನನಗೆ ಹೇಳುವವರು ಯಾರೂ ಇರಲಿಲ್ಲ. ಕೆಲಸಕ್ಕೆ ಸೇರಿದ ಮೊದಲನೇ ದಿನ ದೋಣಿಯನ್ನು ಕೆರೆಗೆ ತಳ್ಳಿಸಿ, ನಾನೂ ಹತ್ತಿ, ನೀರು ಬರುವ ಕಡೆಯೆಲ್ಲ ಗುರುತು ಹಾಕುತ್ತೀನಿ ಅಂತ ಸೀಮೆಸುಣ್ಣ ಹಿಡಿದು ಠೀವಿಯಿಂದ ಕೂತೆ. ನೀರು ಎಲ್ಲಾ ಕಡೆಯಿಂದಲೂ ಬಂತು. ಒದ್ದೆ ತಗಡಿನ ಮೇಲೆ ಸೀಮೆಸುಣ್ಣ ಹತ್ತಲಿಲ್ಲ. ಸ್ವಲ್ಪ ಹೊತ್ತಿಗೆ ದೋಣಿ ಕೆಳಗೆ, ನಾನು ಎದೆಮಟ್ಟದ ನೀರಿನಲ್ಲಿ, ನನ್ನ ಹೊಸ ಚಪ್ಪಲಿಗಳು ಮಾತ್ರ ಜೋಡಿಯಾಗಿ ಏರಿಯ ಕಡೆಗೆ ತೇಲಿಕೊಂಡು ಹೊರಟಿದ್ದವು. ದಡದಲ್ಲಿ ಬಟ್ಟೆ ಒಗೆಯುತ್ತಿದ್ದ ಹೆಂಗಸೊಬ್ಬಳು ಸೆಣೆಯೋದು ನಿಲ್ಲಿಸಿ, “ಅಣ್ಣಾ, ಆ ದೋಣಿಗಿಂತ ನಿನ್ ಚಪ್ಲೀನೇ ವಾಸಿ ಕಣಣ್ಣ,” ಅಂದಳು.

ಈ ಕಥೆಯೆಲ್ಲ ಈಗ ಯಾಕೆ ಬಂತು ಅಂದರೆ, ಮೊನ್ನೆ ಬೇಲೂರಿಗೆ ನೆಂಟರ ಮನೆಗೆ ಹೋದವನು ಡ್ಯಾಮಿನ ಹಿನ್ನೀರಿನ ಕಡೆ ಸುಮ್ಮನೆ ಅಡ್ಡಾಡುತ್ತಿದ್ದೆ. ಅಲ್ಲಿ ಇಬ್ಬರು ಹುಡುಗರು ಕೆಂಪು ಬಣ್ಣದ ಫೈಬರ್ ದೋಣಿಯೊಂದನ್ನು ಮಗುಚಿ ಹಾಕಿಕೊಂಡು ಅಂಟು ಬಳಿಯುತ್ತಿದ್ದರು. ನಾನು ಮೂವತ್ತು ವರ್ಷ ಇದೇ ಕೆಲಸ ಮಾಡಿದವನು ಕಣ್ರಪ್ಪ ಅಂದೆ. “ಹೌದಾ ಅಂಕಲ್, ಆಗ ಹೆಂಗ್ ಮಾಡ್ತಿದ್ರಿ?” ಅಂತ ಕೇಳಿದರು. ನಾನು ಹೇಳೋಕೆ ಶುರು ಮಾಡಿದೆ, ಅವರು ಮೊಬೈಲು ನೋಡೋಕೆ ಶುರು ಮಾಡಿದರು. ಬಾಯಲ್ಲಿ ಹೇಳಿದರೆ ಕೇಳದವರು ಬರೆದಿಟ್ಟರೆ ಓದುತ್ತಾರಾ ಅಂತ ಕೇಳಬೇಡಿ. ರಿಟೈರಾದವನಿಗೆ ಇನ್ನೇನು ಕೆಲಸವಿದೆ?

ನಾನು ಮೂಲದಲ್ಲಿ ದೋಣಿಯವನಲ್ಲ, ಹಾಲಿನ ಕ್ಯಾನಿನವನು. ಅರಸೀಕೆರೆಯಲ್ಲಿ ನಮ್ಮಪ್ಪನ ಕಾಲದಿಂದ ಪಾತ್ರೆ ರಿಪೇರಿ ಅಂಗಡಿ ಇತ್ತು. ಡೈರಿಗಳ ಅಲ್ಯುಮಿನಿಯಂ ಕ್ಯಾನುಗಳು ತಳ ಒಡೆದು, ಕಿವಿ ಕಿತ್ತು ನಮ್ಮಲ್ಲಿಗೆ ಬರುತ್ತಿದ್ದವು. ಕ್ಯಾನ್ ಬಸವರಾಜು ಅಂದರೆ ನಾನು ಅಂತ ಗಂಡಸಿ ಊರಿನವರೆಗೂ ಗೊತ್ತಿತ್ತು. ಹೀಗಿರುವಾಗ ತೊಂಬತ್ತರ ದಶಕದ ಶುರುವಿನಲ್ಲಿ ಒಂದು ದಿನ ಮೀನುಗಾರರ ಸಂಘದ ಸೆಕ್ರೆಟರಿ ನಂಜುಂಡಯ್ಯನವರು ಅಂಗಡಿಗೆ ಬಂದರು. ಸಂಘ ಯಾವುದು, ಕೆರೆ ಯಾವುದು ಅಂತ ಹೆಸರು ಹೇಳುವುದಿಲ್ಲ. ಹಳೇಬೀಡಿಗೂ ಮಾದಿಹಳ್ಳಿಗೂ ಹತ್ತಿರದ ಯಾವುದೋ ಒಂದು ಅಂತ ಇಟ್ಟುಕೊಳ್ಳಿ. ಆ ಊರಿನವರು ಇನ್ನೂ ಗಟ್ಟಿಮುಟ್ಟಾಗಿದ್ದಾರೆ, ನಾನೂ ಅದೇ ದಾರಿಯಲ್ಲಿ ಬಸ್ಸು ಹತ್ತಬೇಕು.

ನಂಜುಂಡಯ್ಯನವರು ಇಸ್ತ್ರಿ ಮಾಡಿದ ಬಿಳಿ ಅಂಗಿಯ ಮನುಷ್ಯ. ಮೀನುಗಾರರ ಸಂಘಕ್ಕೆ ಸೆಕ್ರೆಟರಿ, ಆದರೆ ಮೀನು ಮುಟ್ಟುತ್ತಿರಲಿಲ್ಲ, ನೀರು ಕಂಡರೆ ಹೆದರುತ್ತಿದ್ದರು. ಸಂಘಕ್ಕೆ ಎಲ್ಲಿಂದಲೋ ಒಂದು ಹಳೇ ಅಲ್ಯುಮಿನಿಯಂ ದೋಣಿ ಬಂದಿತ್ತು. ಯಾರೋ ಬೇಡವೆಂದು ಕೊಟ್ಟಿದ್ದು, ಇವರು ಸಿಕ್ಕಿತಲ್ಲ ಅಂತ ತಂದಿದ್ದು.

“ನೋಡಯ್ಯ, ಹಾಲು ಹೊರಗೆ ಸೋರದ ಹಾಗೆ ಮಾಡೋನು ನೀನು. ನೀರು ಒಳಗೆ ಬರದ ಹಾಗೆ ಮಾಡೋದು ನಿನಗೇನು ಮಹಾ?” ಅಂದರು.

ಆ ಕ್ಷಣಕ್ಕೆ ಇದು ದೊಡ್ಡ ಬುದ್ಧಿವಂತಿಕೆಯ ಮಾತು ಅನ್ನಿಸಿತು. ಡೈರಿಯವರು ಆಗಲೇ ಸ್ಟೀಲ್ ಕ್ಯಾನಿಗೆ ತಿರುಗಿದ್ದರು, ಅಂಗಡಿಯಲ್ಲಿ ನೊಣ ಹೊಡೆಯುತ್ತಿದ್ದೆ. ಹೂಂ ಅಂದೆ. ಆಗ ಅವರು ನಿಧಾನವಾಗಿ ಇನ್ನೊಂದು ಮಾತು ಸೇರಿಸಿದರು. “ಒಂದು ವಿಷಯ. ನಿನ್ನನ್ನ ತಗೊಳ್ಳೋದು ಈ ದೋಣಿಗೋಸ್ಕರ. ದೋಣಿ ಇರೋ ತನಕ ನೀನು. ದೋಣಿ ಗುಜರಿಗೆ ಹೋದ ದಿನ ನೀನೂ ಮನೆಗೆ. ಆಮೇಲೆ ಸಾರ್ ಸಾರ್ ಅಂತ ನನ್ನ ಹಿಂದೆ ಬರಬಾರದು.”

ಅಂಗಡಿ ಬಿಟ್ಟೆ. ಆ ಜಾಗದಲ್ಲಿ ವಾರದೊಳಗೆ ಕೊಬ್ಬರಿ ಮಂಡಿಯವನು ಚೀಲ ಜೋಡಿಸಿದ. ಹೆಂಡತಿ ಸಾವಿತ್ರಿಯನ್ನೂ ಮಕ್ಕಳಿಬ್ಬರನ್ನೂ ಕರೆದುಕೊಂಡು ಹಳೇಬೀಡಿನಲ್ಲಿ ಬಾಡಿಗೆ ಮನೆ ಹಿಡಿದೆ. ವಾಪಸ್ ಹೋಗೋಕೆ ದಾರಿ ಇರಲಿಲ್ಲ. ಅವತ್ತಿಂದ ನಮ್ಮ ಮನೆಯ ಹಿಟ್ಟು ಆ ದೋಣಿಯ ಮೇಲೆ ನಿಂತಿತ್ತು, ಆ ದೋಣಿಯೋ ನೀರಿನ ಮೇಲೆ ನಿಲ್ಲುತ್ತಿರಲಿಲ್ಲ.

ಸಂಘದ ದೋಣಿ ನಡೆಸುತ್ತಿದ್ದವನು ಹುಲಿಕೆರೆಯ ತಮ್ಮಣ್ಣ. ನನಗಿಂತ ದೊಡ್ಡವನು, ಬಾಯಲ್ಲಿ ಸದಾ ಎಲೆ ಅಡಿಕೆ. ನಾನು ಮುಳುಗಿದ ದಿನ ಅವನೇ ಬಂದು ನನ್ನ ರಟ್ಟೆ ಹಿಡಿದು ಮೇಲಕ್ಕೆಳೆದು, “ಬಸ್ರಾಜು, ಮನೇಲಿ ನಿಮ್ಮಮ್ಮ ಮಡಕೆ ತರೋವಾಗ ಏನ್ಲಾ ಮಾಡ್ತಿದ್ಲು? ಮಡಕೆ ಒಳಗೆ ಕೂತು ನೋಡ್ತಿದ್ಲಾ? ನೀರು ತುಂಬಿ ಆಚೆಯಿಂದ ನೋಡ್ತಿದ್ಲು ತಾನೆ?” ಅಂದ.

ಸರಿ ಅನ್ನಿಸಿತು. ಎರಡು ತೆಂಗಿನ ಕೊರಡಿನ ಮೇಲೆ ದೋಣಿ ಎತ್ತಿಸಿ ಇಟ್ಟೆ. ಪಕ್ಕದ ತೋಟದವರ ಪಂಪ್‌ಸೆಟ್ಟಿನಿಂದ ಪೈಪು ಎಳೆದು ದೋಣಿಗೇ ನೀರು ಬಿಟ್ಟೆ. ಹುಡುಗರೇ, ಇದನ್ನು ಬರೆದುಕೊಳ್ಳಿ, ಇಡೀ ಕೆಲಸದಲ್ಲಿ ಇದೇ ನಿಜವಾದ ವಿದ್ಯೆ. ಒಳಗೆ ನೀರು, ಹೊರಗೆ ಒಣ ತಗಡು. ಎಲ್ಲಿ ಹನಿ ಮೂಡುತ್ತದೋ ಅಲ್ಲಿ ಕಳ್ಳ. ಗುರುತು ಹಾಕಿ, ನೀರು ಖಾಲಿ ಮಾಡಿ, ರಿಪೇರಿ ಮಾಡಿ, ಮತ್ತೆ ತುಂಬಿ ನೋಡಿ.

ಊರಿನವರಿಗೆ ಇದು ಅರ್ಥವಾಗಬೇಕಲ್ಲ. “ದೋಣೀನ ನೀರಿಗೆ ಬಿಡಲಾ ಅಂದ್ರೆ ನೀರನ್ನೇ ದೋಣಿಗೆ ಬಿಡ್ತಾವ್ನೆ” ಅಂತ ಏರಿ ಮೇಲೆ ಹೋಗುವವರೆಲ್ಲ ಸೈಕಲ್ಲು ನಿಲ್ಲಿಸಿ ನೋಡಿದರು. ನಾನು ಮಧ್ಯಾಹ್ನ ಊಟಕ್ಕೆ ಹೋಗಿ ಬರುವಷ್ಟರಲ್ಲಿ ಯಾರೋ ಮೇಯಿಸಲು ಬಿಟ್ಟ ಎಮ್ಮೆಗಳು ದೋಣಿಯ ಎರಡು ಪಕ್ಕದಲ್ಲೂ ಸಾಲಾಗಿ ನಿಂತು ನೀರು ಕುಡಿಯುತ್ತಿದ್ದವು. ಒಂದು ಕರು ಒಳಗೇ ಇಳಿದುಬಿಟ್ಟಿತ್ತು. ಅದೇ ಹೊತ್ತಿಗೆ ಸೆಕ್ರೆಟರಿ ಬರಬೇಕೆ?

“ಏನಯ್ಯ ಇದು, ಸಂಘದ ದೋಣೀನ ದನದ ಬಾನಿ ಮಾಡಿದ್ದೀಯ?”

“ಸೋರಿಕೆ ನೋಡ್ತಿದೀನಿ ಸಾರ್. ನೀರು ಅರ್ಧ ಇಳಿದಿದೆ.”

“ಅದರಲ್ಲಿ ಸೋರಿದ್ದೆಷ್ಟು, ಎಮ್ಮೆ ಕುಡಿದದ್ದೆಷ್ಟು?”

ಮತ್ತೆ ತುಂಬಿಸಿದೆ. ಈ ಸಲ ಬೇಲಿ ಕಟ್ಟಿಸಿ ತುಂಬಿಸಿದೆ.

ಸೋರುವ ಜಾಗ ಸಿಕ್ಕಮೇಲೆ ಮುಚ್ಚುವುದು ಹೇಗೆ ಅನ್ನುವುದಕ್ಕೆ ಆಳಿಗೊಂದು ಸಲಹೆ ಬಂತು. ಹಲಸಿನ ಮೇಣ ಕಾಯಿಸಿ ಹಾಕು ಅಂದರು ಒಬ್ಬರು. ಸುಣ್ಣ ಬೆಲ್ಲ ಅರೆದು ಮೆತ್ತು ಅಂದರು ಇನ್ನೊಬ್ಬರು. ತಮ್ಮಣ್ಣ ತನ್ನ ಮನೆಯಿಂದ ಮಿಕ್ಕ ಮುದ್ದೆ ತಂದು, ಹೊರಗಡೆಯಿಂದ ಬಿರುಕಿಗೆಲ್ಲ ಒತ್ತಿ ಸವರಿದ. “ರಾಗಿ ಮುದ್ದೆ ಹೊಟ್ಟೇಲೇ ಕದಲಲ್ಲ, ಇಲ್ಲಿ ಕದಲುತ್ತಾ?” ಅಂತ ಅವನ ವಾದ. ಅವತ್ತು ದೋಣಿ ಒಂದಿಷ್ಟು ದೂರ ಚೆನ್ನಾಗೇ ಹೋಯಿತು. ಆಮೇಲೆ ಕೆಳಗಡೆಯಿಂದ ಪಟಪಟ ಸದ್ದು. ಬಗ್ಗಿ ನೋಡಿದರೆ ಕೆರೆಯ ಮೀನೆಲ್ಲ ದೋಣಿಯ ಹೊಟ್ಟೆಗೆ ಅಂಟಿಕೊಂಡು ಮುದ್ದೆ ಕೀಳುತ್ತಿವೆ. ನಾವು ಮುಳುಗಿದ್ದು ನಿಜ, ಆದರೆ ಆ ವರ್ಷದಲ್ಲೇ ಅತ್ಯಂತ ಹೆಚ್ಚು ಮೀನು ಬಲೆಗೆ ಬಿದ್ದದ್ದು ಅವತ್ತೇ ಅನ್ನುವುದೂ ನಿಜ. ಮಾರನೇ ದಿನ ತಮ್ಮಣ್ಣ ಎರಡು ಮುದ್ದೆ ಜಾಸ್ತಿ ತಂದ. ಬೇಡ ಕಣಣ್ಣ ಅಂತ ಕೈ ಮುಗಿದೆ.

ಆಮೇಲೆ ಟಾರಿನ ಕಾಲ. ರಸ್ತೆ ಕೆಲಸದವರ ಹತ್ತಿರ ಒಂದು ಡಬ್ಬ ಟಾರು ಇಸಿದುಕೊಂಡು ಒಳಗೆಲ್ಲ ಬಳಿದೆ. ಚಳಿಗಾಲದಲ್ಲಿ ಒಂದು ತೊಟ್ಟು ನೀರು ಬರಲಿಲ್ಲ. ನನ್ನಂಥ ಕಸುಬಿನವನು ತಾಲ್ಲೂಕಿನಲ್ಲೇ ಇಲ್ಲ ಅಂತ ಬೀಗಿದೆ. ಶಿವರಾತ್ರಿ ಕಳೆದು ಬಿಸಿಲು ಏರಿತು ನೋಡಿ, ಟಾರು ಕರಗಿತು. ಸೆಕ್ರೆಟರಿಯವರು ದೋಣಿ ತಪಾಸಣೆ ಮಾಡುತ್ತೀನಿ ಅಂತ ಬಂದು, ದೋಣಿ ದಡದಲ್ಲೇ ಇದ್ದದ್ದರಿಂದ ಧೈರ್ಯವಾಗಿ ಹಲಗೆಯ ಮೇಲೆ ಕೂತರು. ಏಳೋಕೆ ಹೋದರೆ ಪ್ಯಾಂಟು ಬರಲಿಲ್ಲ. ನಾನೊಂದು ಕೈ, ತಮ್ಮಣ್ಣ ಒಂದು ಕೈ ಹಿಡಿದು ಎಳೆದೆವು. ಸೆಕ್ರೆಟರಿ ಬಂದರು, ಪ್ಯಾಂಟಿನ ಹಿಂಭಾಗ ಬರಲಿಲ್ಲ. ತಮ್ಮಣ್ಣನ ಟವೆಲು ಸುತ್ತಿಕೊಂಡು ಮೋಟಾರ್ ಸೈಕಲ್ಲು ಹತ್ತುವಾಗ ಅವರು ಹೇಳಿದ್ದು ಒಂದೇ ಮಾತು: “ಇದನ್ನ ಗುಜರಿಗೆ ಹಾಕಿಸ್ತೀನಿ, ನೋಡ್ತಿರು.” ಅವರು ಸಿಟ್ಟು ಬಂದಾಗೆಲ್ಲ ಆ ಮಾತು ಹೇಳುತ್ತಿದ್ದರು, ನಾನು ಪ್ರತಿಸಲವೂ ಹೆದರುತ್ತಿದ್ದೆ.

ಬೆಸುಗೆ ಹಾಕಿಸೋಣ ಅಂತ ಬೇಲೂರಿನಿಂದ ಗ್ಯಾಸ್ ವೆಲ್ಡಿಂಗಿನವನನ್ನು ಕರೆಸಿದೆ. ಅವನು ಗೇಟು, ಕಿಟಕಿ, ಟ್ರಾಕ್ಟರ್ ಟ್ರೈಲರು ಮಾಡಿದವನು. ಕಬ್ಬಿಣ ಕೆಂಪಗಾಗುವವರೆಗೆ ಕಾಯಬೇಕು ಅನ್ನುವುದು ಅವನ ಲೆಕ್ಕ. ಅಲ್ಯುಮಿನಿಯಂ ಕೆಂಪಗಾಗುವುದೇ ಇಲ್ಲ. ಅವನು ಕಾಯುತ್ತಾ ನಿಂತ, ನಾನೂ ಕಾಯುತ್ತಾ ನಿಂತೆ. ಬೆಳ್ಳಗೇ ಇದ್ದ ತಗಡು ಇದ್ದಕ್ಕಿದ್ದ ಹಾಗೆ ತೊಪ್ಪನೆ ಕೆಳಗೆ ಬಿತ್ತು. ಸಾಸಿವೆಯಷ್ಟಿದ್ದ ತೂತು ಸಾಸರಿನಷ್ಟಾಯಿತು. ಅವನು ಆ ತೂತಿನೊಳಗಿಂದ ನನ್ನ ಮುಖ ನೋಡಿ, “ಈಗ ಸೋರೋ ಜಾಗ ಸರಿಯಾಗಿ ಕಾಣ್ತೈತೆ ಅಲ್ವಾ ಅಣ್ಣ?” ಅಂದ. ಕೋಪದಲ್ಲಿ ನಾನು ಅವನಿಗೆ ಟೀ ಕೂಡ ಕೊಡಿಸಲಿಲ್ಲ.

ಕೊನೆಗೆ ಕೈ ಹಿಡಿದದ್ದು ಕ್ಯಾನಿನ ಕಸುಬೇ. ತಗಡಿನ ತೇಪೆ, ಅಲ್ಯುಮಿನಿಯಂ ರಿವೆಟ್ಟು. ತೇಪೆಯ ತಗಡು ದೋಣಿಯ ಹೊಟ್ಟೆಯ ಡೊಂಕಿಗೆ ಸರಿಯಾಗಿ ಬಗ್ಗಬೇಕಾದರೆ ಮೊದಲು ಮೆತ್ತಗಾಗಬೇಕು. ಅದಕ್ಕೆ ತಗಡಿಗೆ ಮೈಸೋಪು ಉಜ್ಜಿ ಹಿಂಭಾಗದಿಂದ ಕಾಯಿಸಿ. ಸೋಪು ಕಂದು ಬಣ್ಣಕ್ಕೆ ತಿರುಗಿದರೆ ಸಾಕು, ಬೆಂಕಿ ತೆಗೆಯಿರಿ. ಇನ್ನು ತಾಮ್ರದ ರಿವೆಟ್ಟು ಮಾತ್ರ ದೇವರಾಣೆ ಹಾಕಬೇಡಿ. ತಾಮ್ರ ಮತ್ತು ಅಲ್ಯುಮಿನಿಯಂ ಒಂದೇ ನೀರಿನಲ್ಲಿ ಅತ್ತೆ ಸೊಸೆ ಇದ್ದ ಹಾಗೆ, ಒಂದು ಇನ್ನೊಂದನ್ನು ತಿಂದು ಹಾಕುತ್ತದೆ. ಯಾವುದು ಅತ್ತೆ, ಯಾವುದು ಸೊಸೆ ಅಂತ ಸಾವಿತ್ರಿ ಕೇಳಿದಳು. ನಾನು ಹೇಳಲಿಲ್ಲ.

ರಿವೆಟ್ಟು ಹೊಡೆಯೋಕೆ ಇಬ್ಬರು ಬೇಕು. ಒಬ್ಬ ಒಳಗಿಂದ ಸುತ್ತಿಗೆ ಹೊಡೆಯಬೇಕು, ಇನ್ನೊಬ್ಬ ದೋಣಿಯ ಕೆಳಗೆ ಮಲಗಿ ಕಬ್ಬಿಣದ ಗಟ್ಟಿಯನ್ನು ರಿವೆಟ್ಟಿನ ತಲೆಗೆ ಒತ್ತಿ ಹಿಡಿಯಬೇಕು. ಕೆಳಗಿನ ಕೆಲಸ ತಮ್ಮಣ್ಣನದು. ಬಾಯಲ್ಲಿ ಎಲೆ ಅಡಿಕೆ ಇರುವುದರಿಂದ ಅವನು ಮಾತಾಡುವ ಹಾಗಿಲ್ಲ, ಗಟ್ಟಿಯಿಂದ ಒಂದು ಸಲ ಕುಟ್ಟಿದರೆ ಹೊಡಿ, ಎರಡು ಸಲ ಕುಟ್ಟಿದರೆ ತಡಿ. ಒಂದು ದಿನ ಏನೂ ಸದ್ದೇ ಇಲ್ಲ. ಹೊಡೆದೆ, ಕೆಳಗೆ ಗಟ್ಟಿ ಇರಲಿಲ್ಲ. ರಿವೆಟ್ಟು ಗುಂಡಿನ ಹಾಗೆ ಹಾರಿ ಹೋಯಿತು. ಬಗ್ಗಿ ನೋಡಿದರೆ ಗಟ್ಟಿಯನ್ನು ತಲೆದಿಂಬು ಮಾಡಿಕೊಂಡು ಗೊರಕೆ ಹೊಡೆಯುತ್ತಿದ್ದಾನೆ. “ಅಲ್ಲಣ್ಣ, ತಲೆ ಮೇಲೆ ಸುತ್ತಿಗೆ ಹೊಡೀತಿದ್ರೂ ನಿದ್ದೆ ಬರುತ್ತಾ ನಿನಗೆ?” ಅಂತ ಕೇಳಿದರೆ, “ನನ್ ಹೆಂಡ್ತಿ ಸುಮ್ಕಿದ್ದಾಗ್ಲೇ ಕಣ್ಲಾ ನಂಗೆ ನಿದ್ದೆ ಬರಲ್ಲ,” ಅಂದ.

ಹೀಗೇ ವರ್ಷಗಳು ಹೋದವು. ಒಂದು ಕಡೆ ಮುಚ್ಚಿದರೆ ಇನ್ನೊಂದು ಕಡೆ ಬಿಡುವುದು, ಅಲ್ಲಿ ಮುಚ್ಚಿದರೆ ಮೊದಲಿನ ಕಡೆ ಬಿಡುವುದು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೀತು ಅನ್ನುವುದು ನಮಗೇ ಮಾಡಿದ ಗಾದೆ. ದೋಣಿಯಲ್ಲಿ ಮೂಲ ತಗಡಿಗಿಂತ ನನ್ನ ತೇಪೆಯೇ ಹೆಚ್ಚಾಯಿತು. ಕಡೆಗೆ ಕಮಿಟಿಯವರ ತಾಳ್ಮೆ ಕೆಟ್ಟಿತು. ಅರಸೀಕೆರೆಯ ಒಬ್ಬ ಪಾತ್ರೆ ವ್ಯಾಪಾರಿ ಬಂದು ದೋಣಿಯನ್ನು ಸುತ್ತು ಹಾಕಿ, ಬೆರಳಿನಿಂದ ತಟ್ಟಿ, ತೂಕಕ್ಕೆ ತೆಗೆದುಕೊಳ್ಳುತ್ತೀನಿ ಅಂದ. ಈ ಸಲ ಸೆಕ್ರೆಟರಿಯವರ ಮಾತು ಬರೀ ಸಿಟ್ಟಿನದಾಗಿರಲಿಲ್ಲ. ನನಗೆ ಅನ್ನ ಸೇರಲಿಲ್ಲ. ನಗೆಯ ಕಥೆ ಹೇಳೋಕೆ ಕೂತವನು ಇದನ್ನೂ ಹೇಳಬೇಕು, ಆ ವಾರ ನಾನು ನಿಜವಾಗಿ ಹೆದರಿದ್ದೆ. ಮಗಳು ಹೈಸ್ಕೂಲಿಗೆ ಸೇರಿದ್ದಳು. ನಾಳೆಯಿಂದ ಅಪ್ಪನಿಗೆ ಏನು ಕೆಲಸ ಅಂತ ಅವಳು ಕೇಳಿದರೆ ಏನು ಹೇಳುವುದು?

ಅದೇ ಹೊತ್ತಿಗೆ ಮಳೆ ಹಿಡಿಯಿತು. ಎಷ್ಟೋ ವರ್ಷದ ಮೇಲೆ ಕೆರೆ ತುಂಬಿ ಕೋಡಿ ಬಿತ್ತು. ಕೆರೆ ತುಂಬಿದರೆ ನಮ್ಮ ಕಡೆ ಗಂಗಮ್ಮನಿಗೆ ಬಾಗಿನ ಕೊಡಬೇಕು. ಮೊರದಲ್ಲಿ ಅರಿಶಿನ, ಕುಂಕುಮ, ಬಳೆ, ರವಿಕೆ ಕಣ, ಬೇಳೆ, ಬೆಲ್ಲ ಎಲ್ಲಾ ಇಟ್ಟು, ತವರಿಗೆ ಬಂದ ಮಗಳಿಗೆ ಕೊಡುವ ಹಾಗೆಯೇ ಕೊಡುವುದು. ಆ ವರ್ಷ ಪಂಚಾಯ್ತಿ ಅಧ್ಯಕ್ಷೆಯಾಗಿದ್ದವರು ಪುಟ್ಟತಾಯಮ್ಮ. ರಾಗಿ ಹೊಲದಿಂದ ನೇರವಾಗಿ ಕುರ್ಚಿಗೆ ಬಂದವರು, ಗಟ್ಟಿ ದನಿ, ಮುಚ್ಚುಮರೆ ಇಲ್ಲ. “ದಡದಿಂದ ಎಸೆಯೋಕೆ ಅದೇನು ಕಸವಾ? ನಡುಗೆರೆಗೇ ಹೋಗಿ ಕೊಡ್ತೀನಿ, ದೋಣಿ ತರ್ಸಿ,” ಅಂದರು. ಆ ಕೆರೆಗೆ ಇದ್ದದ್ದು ಅದೊಂದೇ ದೋಣಿ.

ಸೆಕ್ರೆಟರಿ ನನ್ನನ್ನು ಕರೆದು, “ಬಸವರಾಜು, ಇದೇ ಕೊನೇ ಅವಕಾಶ. ಜನದ ಮುಂದೆ ಒಂದು ತೊಟ್ಟು ನೀರು ಒಳಗೆ ಬರದೆ ಹೋಗಿ ಬಂದರೆ ದೋಣಿ ಇರಲಿ ಅಂತ ಕಮಿಟಿಗೆ ನಾನೇ ಹೇಳ್ತೀನಿ. ಬಂತೋ, ಅವತ್ತೇ ವ್ಯಾಪಾರಿ ತಕ್ಕಡಿ ತರ್ತಾನೆ,” ಅಂದರು.

ತಮ್ಮಣ್ಣನನ್ನು ನಿದ್ದೆ ಮಾಡಲು ಬಿಡದೆ ಪ್ರತಿಯೊಂದು ರಿವೆಟ್ಟನ್ನೂ ಹೊಸದಾಗಿ ಬಿಗಿದೆ. ಮೂತಿಯ ಮೇಲಿನ ಸಾಲನ್ನಂತೂ ಮುದ್ದಿನಿಂದ ಹೊಡೆದೆ. ನೀರು ತುಂಬಿಸಿ ಒಂದು ಹಗಲು ಪೂರ್ತಿ ಕಾವಲು ಕೂತೆ. ಒಂದು ಹನಿ ಮೂಡಲಿಲ್ಲ. ಟಾರಿನ ಆ ಚಳಿಗಾಲ ಬಿಟ್ಟರೆ ಆ ದೋಣಿಯ ಹೊರಮೈ ಅಷ್ಟು ಒಣಗಿದ್ದದ್ದು ಅದೇ ಮೊದಲು. ಸಂತೋಷಕ್ಕೆ ದೋಣಿಯ ಬೆನ್ನು ತಟ್ಟಿದೆ.

ಬಾಗಿನದ ದಿನ ಏರಿ ತುಂಬ ಜನ, ವಾದ್ಯದವರು, ಕಮಿಟಿಯವರು, ಆ ಕಡೆ ಟೆಂಪೋ ನಿಲ್ಲಿಸಿಕೊಂಡ ಪಾತ್ರೆ ವ್ಯಾಪಾರಿಯೂ ಇದ್ದ. ದೋಣಿಗೆ ಮಾವಿನ ತೋರಣ ಕಟ್ಟಿ ಕುಂಕುಮ ಇಟ್ಟರು. ಯಾರೋ ನಾಲ್ಕು ನಿಂಬೆಹಣ್ಣು ತಂದು ಚಕ್ರ ಎಲ್ಲಿ ಅಂತ ಹುಡುಕಿದರು. ಚಕ್ರ ಇಲ್ಲ ಅಂದ ಮೇಲೆ ದೋಣಿಯ ಹೊಟ್ಟೆಯ ಕೆಳಗೆ ಸಾಲಾಗಿ ಜೋಡಿಸಿದರು. ಅದಾದರೂ ಹೋಗಲಿ. ಸೆಕ್ರೆಟರಿಯವರು ಈಡುಗಾಯಿ ಕೈಗೆತ್ತಿಕೊಂಡು ನೇರ ದೋಣಿಯ ಮೂತಿಯ ಹತ್ತಿರ ಬಂದರು.

“ಸಾರ್, ಕಲ್ಲಿಗೆ ಒಡೀರಿ ಸಾರ್! ಅಲ್ಲಿ ಕಲ್ಲಿದೆ ನೋಡಿ!” ಅಂದೆ.

“ಪೂಜೆ ಕಲ್ಲಿಗೋ ದೋಣಿಗೋ?”

ತಮ್ಮಣ್ಣ ಎಲೆ ಅಡಿಕೆ ಉಗಿದು, “ಲಾರಿ ಪೂಜೇಲೂ ಕಲ್ಲಿಗೇ ಒಡೆಯೋದು ಕಣ್ ಬುದ್ಧಿ. ಗಾಜಿಗೆ ಒಡೀತಾರಾ?” ಅಂದ.

“ಶುಭಕಾರ್ಯದಲ್ಲಿ ಅಪಶಕುನದ ಮಾತಾಡಬೇಡಿ,” ಅಂತ ಗದರಿಸಿ ಸೆಕ್ರೆಟರಿ ಕಾಯಿ ಎತ್ತಿದರು. ನಮ್ಮ ಅರಸೀಕೆರೆ ಕಡೆಯ ತೆಂಗಿನಕಾಯಿ ನಿಮಗೆ ಗೊತ್ತಲ್ಲ, ಚಿಪ್ಪು ಕಬ್ಬಿಣ. ಮೊದಲ ಏಟಿಗೆ ದೋಣಿ ಟಣ್ ಅಂತು, ಕಾಯಿ ಒಡೆಯಲಿಲ್ಲ. ಎರಡನೇ ಏಟಿಗೂ ಒಡೆಯಲಿಲ್ಲ. ಜನ ನೋಡುತ್ತಿದ್ದಾರೆ, ಸೆಕ್ರೆಟರಿಗೆ ಮರ್ಯಾದೆ ಪ್ರಶ್ನೆ. ಅಂಗಿ ತೋಳು ಮಡಚಿ ಮೂರನೇ ಏಟು ಹಾಕಿದರು. ಕಾಯಿ ಒಡೆಯಿತು, ಜನ ಕೈ ಮುಗಿದರು, ವಾದ್ಯ ಮೊಳಗಿತು. ಆ ಗದ್ದಲದ ಮಧ್ಯೆ ನನಗೊಂದು ಸಣ್ಣ ಸದ್ದು ಕೇಳಿಸಿತು, ಟಪ್ ಅಂತ. ರಿವೆಟ್ಟಿನ ತಲೆ ಹಾರಿದ ಸದ್ದು ಅದು. ಅಯ್ಯೋ ಶಿವನೇ ಅಂದುಕೊಂಡೆ.

ಹಾರಿದ್ದು ಮೂತಿಯ ಮೇಲಿನ ಸಾಲಿನದು, ಖಾಲಿ ದೋಣಿಯಾದರೆ ನೀರಿಗೆ ತಾಗದಷ್ಟು ಮೇಲೆ ಇತ್ತು. ಭಾರ ಹಿಂದೆ ಬಿದ್ದರೆ ಬಚಾವು ಅಂತ ಲೆಕ್ಕ ಹಾಕಿದೆ. ಪುಟ್ಟತಾಯಮ್ಮ ಎರಡು ಜೊತೆ ಮೊರದ ಬಾಗಿನ ಹಿಡಿದು ನಡುವೆ ಕೂತರು. ತಮ್ಮಣ್ಣ ಹುಟ್ಟು ಹಿಡಿದ, ನಾನು ಅವನ ಪಕ್ಕ ಹಿಂದೆ ಕೂತೆ. ಸೆಕ್ರೆಟರಿ ಬರಲೇಬೇಕಾಗಿತ್ತು, ಗಡಗಡ ನಡುಗುತ್ತಲೇ ಹತ್ತಿದರು. ಹಿಂದೆ ಕೂತ್ಕೊಳ್ಳಿ ಸಾರ್ ಅಂದೆ. ಫೋಟೋದವನು ದಡದಲ್ಲಿದ್ದಾನೆ, ಮುಂದೆಯೇ ಕೂರುತ್ತೀನಿ ಅಂತ ಮೂತಿಗೇ ಹೋಗಿ ಕೂತರು. ತುಂಬು ಆಳು ಬೇರೆ. ಮೂತಿ ಬಗ್ಗಿತು.

ಇನ್ನೂ ಸ್ವಲ್ಪ ದೂರವೂ ಹೋಗಿಲ್ಲ, ತೂತಿನಿಂದ ನೀರು ಪಿಚಕಾರಿಯ ಹಾಗೆ ಚಿಮ್ಮಿತು. ನಾನು ಸರ್ರನೆ ಮುಂದೆ ಹೋಗಿ, ಬಗ್ಗಿ, ಅದಕ್ಕೆ ಹೆಬ್ಬೆರಳು ಒತ್ತಿ ಹಿಡಿದೆ.

“ಏನಯ್ಯ ನನ್ನ ಕಾಲಬುಡದಲ್ಲಿ?” ಅಂದರು ಸೆಕ್ರೆಟರಿ.

“ಗಂಗಮ್ಮನಿಗೆ ನಮಸ್ಕಾರ ಮಾಡ್ತಿದೀನಿ ಸಾರ್.”

“ಪಾಪ, ಭಾಳ ಭಕ್ತಿ ಐತೆ,” ಅಂದರು ಪುಟ್ಟತಾಯಮ್ಮ.

ನಮಸ್ಕಾರ ಎಷ್ಟು ಹೊತ್ತು ಮಾಡಬಹುದು? ಸೊಂಟ ಹಿಡಿಯಿತು. ಬೆರಳಿನ ಪಕ್ಕದಿಂದ ನೀರು ನುಗ್ಗುತ್ತಲೇ ಇತ್ತು. ತಮ್ಮಣ್ಣನಿಗೆ ಅರ್ಥವಾಗಿ ಜೀವ ಬಿಟ್ಟು ಹುಟ್ಟು ಹಾಕುತ್ತಿದ್ದ. ನಡುಗೆರೆ ತಲುಪುವ ಹೊತ್ತಿಗೆ ಪುಟ್ಟತಾಯಮ್ಮನ ಸೀರೆಯ ಅಂಚು ಒದ್ದೆಯಾಯಿತು. ಅವರು ಕೆಳಗೆ ನೋಡಿದರು. ಸೆಕ್ರೆಟರಿಯೂ ನೋಡಿದರು. ನೋಡಿದವರೇ, “ಮುಳುಗ್ತೀವಿ! ಮುಳುಗ್ತೀವಿ! ನನಗೆ ಈಜು ಬರಲ್ಲ!” ಅಂತ ಕಿರುಚಿ ಎದ್ದು ನಿಂತರು. ದೋಣಿ ತೊಟ್ಟಿಲಿನ ಹಾಗೆ ತೂಗಿತು. ದಡದಲ್ಲಿದ್ದವರು ಅದೂ ಒಂದು ಶಾಸ್ತ್ರ ಅಂತ ತಿಳಿದು ಚಪ್ಪಾಳೆ ಹೊಡೆದರು.

“ಕೂತ್ಕಳ್ರೀ ಸೆಕ್ರೆಟ್ರಿ! ಹಿಂದಕ್ಕೆ ಬಂದು ಕೂತ್ಕಳಿ!” ಅಂತ ಪುಟ್ಟತಾಯಮ್ಮ ಗದರಿದ ರಭಸಕ್ಕೆ ಅವರು ಅಂಬೆಗಾಲಿಟ್ಟು ಹಿಂದೆ ಹೋಗಿ ತಮ್ಮಣ್ಣನ ಸೊಂಟ ತಬ್ಬಿಕೊಂಡರು. ಆಯಮ್ಮ ನನ್ನ ಕಡೆ ತಿರುಗಿ, “ಎಷ್ಟು ದೊಡ್ಡದೈತೋ ತೂತು?” ಅಂತ ಕೇಳಿದರು.

“ಬೆರಳು ಗಾತ್ರ ಆಗಿದೆ ಕಣಮ್ಮ. ಮುಚ್ಚೋಕೆ ಏನೂ ತಂದಿಲ್ಲ.” ಹೇಳುವಾಗ ನನಗೆ ಅಳುವೇ ಬಂತು. ಮುಳುಗುವುದಕ್ಕಲ್ಲ, ಈಜು ಬರುತ್ತಿತ್ತು. ದಡದಲ್ಲಿ ತಕ್ಕಡಿ ಕಾಣಿಸುತ್ತಿತ್ತು.

ಆಯಮ್ಮ ಒಂದು ಬಾಗಿನದ ಮೇಲಿನ ಮೊರ ತೆಗೆದು, ಒಳಗಿದ್ದ ಅರಿಶಿನದ ಕೊಂಬುಗಳಲ್ಲಿ ದಪ್ಪದ್ದೊಂದನ್ನು ಆರಿಸಿದರು. ಬೆರಳು ತೆಗಿ ಅಂದರು. ತೂತು ನೋಡಿದರು, ಕೊಂಬಿನ ತುದಿಯನ್ನು ಕಟಕ್ ಅಂತ ಕಚ್ಚಿ ಉಗಿದರು. ರವಿಕೆ ಕಣದ ಅಂಚು ಪರ್‍ರನೆ ಹರಿದು ಅದಕ್ಕೆ ಸುತ್ತಿ ನನ್ನ ಕೈಗಿಟ್ಟರು. “ಹೊಡಿ.” ಸುತ್ತಿಗೆ ಎಲ್ಲಿ? ಬಾಗಿನದಲ್ಲೇ ಇದ್ದ ಬೆಲ್ಲದ ಅಚ್ಚು ತೆಗೆದು ಕೊಟ್ಟರು. ಬೆಲ್ಲದಲ್ಲಿ ಹೊಡೆದೆ. ಕೊಂಬು ಬಿರಡೆಯ ಹಾಗೆ ಒಳಗಿಳಿಯಿತು, ನೀರು ನಿಂತಿತು. ಒಡೆದ ಬೆಲ್ಲದ ಚೂರನ್ನು ತಮ್ಮಣ್ಣ ಬಾಯಿಗೆ ಹಾಕಿಕೊಂಡ. ಉಳಿದ ಇನ್ನೊಂದು ಬಾಗಿನವನ್ನು ಪುಟ್ಟತಾಯಮ್ಮ ಎರಡು ಕೈಯಲ್ಲಿ ಹಿಡಿದು, ಸಮಾಧಾನವಾಗಿ, ಏನೂ ಆಗದವರ ಹಾಗೆ ಗಂಗಮ್ಮನಿಗೆ ಬಿಟ್ಟರು.

ದಡಕ್ಕೆ ಬಂದ ತಕ್ಷಣ ಸೆಕ್ರೆಟರಿಗೆ ಧೈರ್ಯ ಬಂತು. ಗಟ್ಟಿ ನೆಲದ ಮೇಲೆ ಕಾಲಿಟ್ಟವರೇ, “ಇವತ್ತು ಅಧ್ಯಕ್ಷರ ಪ್ರಾಣಕ್ಕೇ ಬಂದಿತ್ತು! ಎಲ್ಲಪ್ಪ ಪಾತ್ರೆಯವನು? ಈಗಲೇ ತೂಕ ಹಾಕಿಸಿ!” ಅಂತ ಕೂಗಿದರು. ಅದು ಯಾರ ಕಾಯಿಯಿಂದ ಆದ ತೂತು ಅಂತ ಹೇಳೋಕೆ ಬಾಯಿ ತೆಗೆಯುವಷ್ಟರಲ್ಲಿ ಕಮಿಟಿಯವರು ತಲೆ ಆಡಿಸಿದರು. ವ್ಯಾಪಾರಿ ಟೆಂಪೋದಿಂದ ಹಗ್ಗ ಇಳಿಸಿದ. ಒದ್ದೆ ಬಟ್ಟೆಯಲ್ಲಿ ನಿಂತು, ಸಾವಿತ್ರಿಗೆ ಏನಂತ ಹೇಳಲಿ ಅನ್ನುವುದೊಂದೇ ಯೋಚನೆ ನನಗೆ.

ಪುಟ್ಟತಾಯಮ್ಮ ಸೀರೆಯ ಅಂಚು ಹಿಂಡಿಕೊಳ್ಳುತ್ತಾ, “ತಡೀರಿ,” ಅಂದರು. ವಾದ್ಯದವರೂ ನಿಲ್ಲಿಸಿದರು.

“ಇವತ್ತು ನಾನು ಎರಡು ಬಾಗಿನ ಕೊಟ್ಟಿವ್ನಿ. ಒಂದು ಗಂಗಮ್ಮಂಗೆ. ಇನ್ನೊಂದು ಇವ್ಳಿಗೆ. ನೋಡ್ಬನ್ನಿ, ಅರಿಶಿನದ ಕೊಂಬು ಮೈಯಲ್ಲೇ ಐತೆ, ಕಣ ಐತೆ. ಬಾಗಿನ ಇಸ್ಕೊಂಡೋಳು ಊರಿನ ಮಗಳು. ಮಗಳನ್ನ ತಕ್ಕಡಿಗೆ ಹಾಕಿ ಮಾರೋರು ಯಾರಪ್ಪ ಈ ಊರಲ್ಲಿ? ಮುಂದಕ್ಕೆ ಬನ್ನಿ, ನಾನೂ ಮುಖ ನೋಡ್ತೀನಿ.”

ಯಾರೂ ಬರಲಿಲ್ಲ. ಎಲ್ಲರ ಮನೆಯಲ್ಲೂ ಹೆಣ್ಣುಮಕ್ಕಳಿದ್ದರು, ಎಲ್ಲರ ಪಕ್ಕದಲ್ಲೂ ಹೆಂಡತಿಯರು ನಿಂತಿದ್ದರು. ಕಮಿಟಿಯವರು ಒಬ್ಬರ ಹಿಂದೆ ಒಬ್ಬರು ಸರಿದರು. ವ್ಯಾಪಾರಿ ಹಗ್ಗ ಸುತ್ತಿ ಟೆಂಪೋಗೆ ಹಾಕಿ, ಹೋಗುವ ಮುಂಚೆ ದೋಣಿಗೆ ಒಂದು ಸಲ ಕೈ ಮುಗಿದ.

ಸೆಕ್ರೆಟರಿಯವರಿಗೆ ಸುಮ್ಮನಿರೋಕೆ ಆಗಲಿಲ್ಲ. “ಸರಿಯಮ್ಮ, ದೋಣಿ ಇರಲಿ. ಇವನು? ಇವನು ಯಾತಕ್ಕೆ?” ಅಂತ ನನ್ನ ಕಡೆ ಬೆರಳು ತೋರಿಸಿದರು.

“ಮಗಳನ್ನ ಇಷ್ಟು ವರ್ಷದಿಂದ ಸಾಕ್ತಿರೋನು ಏನಾಗ್ಬೇಕ್ರೀ? ಅಳಿಯ ಆಗ್ಬೇಕು. ನಿಮ್ಮನೇಲಿ ಮಗಳನ್ನ ಇಟ್ಕೊಂಡು ಅಳಿಯನ್ನ ಓಡ್ಸೋ ಪದ್ಧತಿ ಐತಾ?”

ಏರಿಗೆ ಏರಿಯೇ ನಕ್ಕಿತು. ತಮ್ಮಣ್ಣ ನಗುವ ಭರದಲ್ಲಿ ಸೆಕ್ರೆಟರಿಯವರ ಬಿಳಿ ಅಂಗಿಯ ಮೇಲೆ ಎಲೆ ಅಡಿಕೆ ಸಿಡಿಸಿದ. ನಾನು ನಗುತ್ತಲೂ ಇದ್ದೆ, ಅಳುತ್ತಲೂ ಇದ್ದೆ, ಯಾವುದು ಅಂತ ನನಗೇ ತಿಳಿಯಲಿಲ್ಲ.

ಮನೆಗೆ ಹೋದಾಗ ಸಾವಿತ್ರಿ ಬಾಗಿಲಲ್ಲೇ ನಿಂತಿದ್ದಳು. ಸುದ್ದಿ ನನಗಿಂತ ಮುಂಚೆ ಬಂದು ಮುಟ್ಟಿತ್ತು. ಬೆಳಗ್ಗೆಯಿಂದ ಅವಳೂ ಏನೂ ತಿಂದಿರಲಿಲ್ಲ.

“ಏನ್ರೀ, ನಿಮಗೆ ಇನ್ನೊಂದು ಮದುವೆ ಆಯ್ತಂತೆ?” ಅಂದಳು.

“ಹೂಂ ಕಣೇ.”

“ಅವಳನ್ನ ಗುಜರಿಗೆ ಹಾಕಲ್ವಂತಾ?”

“ಇಲ್ವಂತೆ.”

ಅವಳು ದನಿ ತಗ್ಗಿಸಿ, “ಇನ್ನೂ ಸೋರ್ತಾಳೆ ತಾನೆ?” ಅಂತ ಕೇಳಿದಳು.

“ಚೆನ್ನಾಗಿ ಸೋರ್ತಾಳೆ.”

“ಹಂಗಾದ್ರೆ ಸರಿ,” ಅಂದು ಸೆರಗಿನಲ್ಲಿ ಕಣ್ಣೊರೆಸಿಕೊಂಡು, “ಕೈಕಾಲು ತೊಳ್ಕೊಂಡು ಬನ್ನಿ, ಊಟ ಮಾಡೋಣ.”